ನಗರದ ಎಲ್ಲೆ, ಹಳ್ಳಿಯ ಹಕ್ಕು ಮತ್ತು ನ್ಯಾಯಾಲಯ

ಮಠಕ್ಕೆ ಬರುವ ಸದ್ಭಕ್ತರು ನಮ್ಮ ಮುಂದೆ ತೋಡಿಕೊಳ್ಳುವ ಅಳಲು ಬಹುಮಟ್ಟಿಗೆ ಮಳೆ-ಬೆಳೆಯದು, ಇಲ್ಲವೇ ಅಣ್ಣತಮ್ಮಂದಿರ ಪಾಲು ವಿಭಾಗದ್ದು. ಈಚೆಗೆ ಬೇರೊಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. "ಬುದ್ಧೀ, ನಮ್ಮೂರನ್ನು ನಗರಪಾಲಿಕೆಗೆ ಸೇರಿಸುತ್ತಾರಂತೆ. ಕೋರ್ಟಿಗೆ ಹೋದರೆ ನಿಲ್ಲುತ್ತದೆಯೇ?" ಎಂದು ದಕ್ಷಿಣದ ಜಿಲ್ಲೆಗಳ ರೈತರು ಕೇಳಿದರೆ, "ಅಜ್ಜಾರ, ಪಂಚಾಯ್ತಿ ಹೋದ್ರ ನಮ್ಮ ಗತಿ ಏನ್ರಿ?" ಎಂದು ಉತ್ತರದ ಕಡೆಯವರು ಕೇಳುತ್ತಾರೆ. ತರುಣರಲ್ಲಿ ಕೆಲವರದು ಇದಕ್ಕೆ ತದ್ವಿರುದ್ಧವಾದ ದೂರು: "ಪಕ್ಕದ ಊರನ್ನು ಸೇರಿಸಿದರು, ನಮ್ಮೂರನ್ನೇಕೆ ಬಿಟ್ಟರು?" ಒಂದೇ ಮನೆಯ ತಂದೆ ಮೊದಲನೆಯ ಪ್ರಶ್ನೆಯನ್ನೂ ಮಗ ಎರಡನೆಯದನ್ನೂ ಕೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಇಬ್ಬರಲ್ಲಿ ಯಾರದೂ ಅವಿವೇಕದ ಪ್ರಶ್ನೆಯಲ್ಲ.

ಈ ಪ್ರಶ್ನೆಗಳು ಈಗಲೇ ಏಳಲು ಕಾರಣವಿದೆ. ರಾಯಚೂರು, ಬೀದರ್, ಹಾಸನ ನಗರಗಳನ್ನು ಮಹಾನಗರ ಪಾಲಿಕೆಗಳ ದರ್ಜೆಗೆ ಏರಿಸುವ ತೀರ್ಮಾನಗಳನ್ನು ರಾಜ್ಯ ಸರ್ಕಾರವು ಒಂದರ ಹಿಂದೆ ಒಂದರಂತೆ ಕೈಗೊಂಡಿತು. ಮೈಸೂರಿನ ಸುತ್ತ 2020ರಲ್ಲಿ ರಚನೆಯಾದ ಹೂಟಗಳ್ಳಿ ನಗರಸಭೆ ಹಾಗೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನು ಒಳಗೊಂಡ ಬೃಹತ್ ಮೈಸೂರಿನ ಪ್ರಸ್ತಾವ ಮುಂದೆ ಬಂದಿದೆ. ಬೆಂಗಳೂರಿನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯು 2025ರ ಮೇ 15ರಂದು ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದವು. ಇವೆಲ್ಲದರ ಹಿಂದೆ ಜನಗಣತಿಯ ಒತ್ತಡವೂ ಇದೆ. 2027ರ ಗಣತಿಗಾಗಿ ಆಡಳಿತ ಘಟಕಗಳ ಎಲ್ಲೆಗಳನ್ನು 2025ರ ಡಿಸೆಂಬರ್ 31ರ ಒಳಗೆ ಬದಲಿಸಿಕೊಳ್ಳಬೇಕು, ಅನಂತರ ಗಣತಿ ಮುಗಿಯುವವರೆಗೆ ಕದಲಿಸಕೂಡದು ಎಂದು ಕೇಂದ್ರವು ಎಲ್ಲ ರಾಜ್ಯಗಳಿಗೂ ತಿಳಿಸಿತ್ತು. ಬಾಗಿಲು ಮುಚ್ಚುವ ಹೊತ್ತಿಗೆ ನುಗ್ಗುವವರ ಸಂಖ್ಯೆ ಹೆಚ್ಚುವುದು ಸಹಜ. ಅವಸರದಲ್ಲಿ ಎಳೆದ ಗೆರೆಗಳೇ ಮುಂದೆ ನ್ಯಾಯಾಲಯದ ಕಟ್ಟೆ ಹತ್ತುತ್ತವೆ.

ಭೂಮಿಯನ್ನು ನಗರಕ್ಕೆ ಸೇರಿಸುವುದು ಭೂಸ್ವಾಧೀನವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಈ ಎರಡನ್ನೂ ಒಂದೇ ಎಂದು ಭಾವಿಸಿ ಗಾಬರಿಗೊಳ್ಳುವವರು ಅನೇಕರು. ಸ್ವಾಧೀನದಲ್ಲಿ ಸರ್ಕಾರವು ರೈತನ ಹೊಲವನ್ನೇ ತೆಗೆದುಕೊಂಡು ಪರಿಹಾರ ಕೊಡುತ್ತದೆ. ಸೇರ್ಪಡೆಯಲ್ಲಿ ಹೊಲ ರೈತನದೇ, ಪಹಣಿಯಲ್ಲಿ ಹೆಸರೂ ಅವನದೇ. ಬದಲಾಗುವುದು ಅವನನ್ನು ಆಳುವ ಸಂಸ್ಥೆ. ಆದರೆ ಆಳುವ ಸಂಸ್ಥೆ ಬದಲಾದರೆ ತೆರಿಗೆ, ಪರವಾನಗಿ, ಪ್ರಾತಿನಿಧ್ಯ, ಸರ್ಕಾರಿ ಯೋಜನೆಗಳ ಅರ್ಹತೆ ಎಲ್ಲವೂ ಬದಲಾಗುತ್ತವೆ. ಪರಿಹಾರದ ಮಾತು ಮಾತ್ರ ಎಲ್ಲಿಯೂ ಬರುವುದಿಲ್ಲ. ಹೀಗಾಗಿ ಸ್ವಾಧೀನಕ್ಕಿಂತ ಇದು ಹಗುರವೆಂದು ಕಂಡರೂ ನ್ಯಾಯಾಲಯದಲ್ಲಿ ಹೋರಾಡುವವನಿಗೆ ಇದು ಹೆಚ್ಚು ಕಠಿಣ. ಆಸ್ತಿ ಕಳೆದುಕೊಂಡೆನೆಂದು ಹೇಳಲು ಅವನಿಗೆ ಬರುವುದಿಲ್ಲ.

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದಾಗ 243ಕ್ಯೂ ವಿಧಿಯು ಮೂರು ಬಗೆಯ ನಗರ ಸಂಸ್ಥೆಗಳನ್ನು ಗುರುತಿಸಿತು. ಹಳ್ಳಿಯಿಂದ ನಗರಕ್ಕೆ ಹೊರಳುತ್ತಿರುವ ಪ್ರದೇಶಕ್ಕೆ ಪಟ್ಟಣ ಪಂಚಾಯಿತಿ, ಚಿಕ್ಕ ನಗರ ಪ್ರದೇಶಕ್ಕೆ ಪುರಸಭೆ ಅಥವಾ ನಗರಸಭೆ, ದೊಡ್ಡ ನಗರ ಪ್ರದೇಶಕ್ಕೆ ಮಹಾನಗರ ಪಾಲಿಕೆ. ಯಾವ ಪ್ರದೇಶ ಯಾವುದಕ್ಕೆ ಸೇರಬೇಕೆಂಬುದನ್ನು ರಾಜ್ಯಪಾಲರು ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆಡಳಿತಕ್ಕೆ ದೊರೆಯುವ ಆದಾಯ, ಕೃಷಿಯೇತರ ಉದ್ಯೋಗದ ಪ್ರಮಾಣ, ಆರ್ಥಿಕ ಮಹತ್ವ ಮೊದಲಾದವುಗಳನ್ನು ಪರಿಗಣಿಸಿ ಗೊತ್ತುಪಡಿಸಬೇಕು. ಕರ್ನಾಟಕ ಪೌರನಿಗಮಗಳ ಕಾಯ್ದೆ, 1976 ಇದಕ್ಕೆ ಅಂಕಿಗಳನ್ನೇ ಕೊಟ್ಟಿದೆ: ಪಾಲಿಕೆಯಾಗಲು ಕನಿಷ್ಠ 3 ಲಕ್ಷ ಜನಸಂಖ್ಯೆ, ಚದರ ಕಿಲೋಮೀಟರಿಗೆ ಕನಿಷ್ಠ 3,000 ಜನಸಾಂದ್ರತೆ, ದುಡಿಯುವವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಕೃಷಿಯೇತರ ವೃತ್ತಿಯಲ್ಲಿರಬೇಕು, ಆದಾಯಕ್ಕೂ ಒಂದು ಕೆಳಮಿತಿಯಿದೆ.

ಈ ಅಂಕಿಗಳು ಒಂದನ್ನೊಂದು ಜಗ್ಗುವ ಬಗೆಯನ್ನು ಗಮನಿಸಬೇಕು. 2011ರ ಗಣತಿಯಲ್ಲಿ ಬೀದರ್, ರಾಯಚೂರು ನಗರಗಳ ಜನಸಂಖ್ಯೆ ಎರಡೂಕಾಲು ಲಕ್ಷದ ಆಸುಪಾಸಿನಲ್ಲಿತ್ತು. ಇಂತಹ ನಗರವೊಂದು 3 ಲಕ್ಷ ಮುಟ್ಟಬೇಕಾದರೆ ಸುತ್ತಲಿನ ಹಳ್ಳಿಗಳನ್ನು ಕೂಡಿಸಿಕೊಳ್ಳದೆ ಗತ್ಯಂತರವಿಲ್ಲ. ಆದರೆ ಹಳ್ಳಿಗಳು ಬರುವಾಗ ಜನರನ್ನಷ್ಟೇ ತರುವುದಿಲ್ಲ. ಹೊಲ, ಗದ್ದೆ, ಕೆರೆ, ಗೋಮಾಳಗಳನ್ನೂ ತರುತ್ತವೆ. ಉದಾಹರಣೆಗಾಗಿ ಒಂದು ಲೆಕ್ಕ ಮಾಡೋಣ. 50 ಚದರ ಕಿಲೋಮೀಟರಿನಲ್ಲಿ 2 ಲಕ್ಷ 20 ಸಾವಿರ ಜನರಿರುವ ಒಂದು ಊರು ಇದೆಯೆಂದು ಇಟ್ಟುಕೊಳ್ಳಿ. ಸಾಂದ್ರತೆ 4,400. ಅದಕ್ಕೆ 150 ಚದರ ಕಿಲೋಮೀಟರಿನಲ್ಲಿ ಹರಡಿರುವ, 80 ಸಾವಿರ ಜನರ ಹಳ್ಳಿಗಳನ್ನು ಸೇರಿಸಿದರೆ ಜನಸಂಖ್ಯೆ ಸರಿಯಾಗಿ 3 ಲಕ್ಷವಾಗುತ್ತದೆ, ಸಾಂದ್ರತೆ 1,500ಕ್ಕೆ ಇಳಿಯುತ್ತದೆ. ಒಂದು ಅಳತೆಯಲ್ಲಿ ಗೆದ್ದು ಇನ್ನೊಂದರಲ್ಲಿ ಸೋತಂತೆ. ಊರಿನ ಹೊರಗಿನ ಖಾಲಿ ಜಮೀನನ್ನು ಬಿಟ್ಟು ಜನವಸತಿಯನ್ನು ಮಾತ್ರ ಆಯ್ದುಕೊಳ್ಳೋಣವೆಂದರೆ ನಕ್ಷೆಯು ಇಲಿ ಕಡಿದ ರೊಟ್ಟಿಯಂತಾಗುತ್ತದೆ. ಆಕ್ಷೇಪಣೆ ಸಲ್ಲಿಸುವವರು ಭಾವಾವೇಶದ ಮಾತುಗಳಿಗಿಂತ ಈ ಲೆಕ್ಕವನ್ನು ಮುಂದಿಡುವುದು ಹೆಚ್ಚು ಫಲಕಾರಿ ಎಂಬುದು ನಮ್ಮ ಅಭಿಪ್ರಾಯ.

ಇನ್ನು ನ್ಯಾಯಾಲಯಗಳ ವಿಚಾರ. "ನಮ್ಮನ್ನು ಒಂದು ಮಾತು ಕೇಳಲಿಲ್ಲ" ಎಂಬುದೇ ಹಳ್ಳಿಗರ ಮುಖ್ಯ ದೂರು. ಮದುವೆಗೆ ಹೆಣ್ಣಿನ ಒಪ್ಪಿಗೆ ಕೇಳಬೇಕೆನ್ನುವ ಕಾಲದಲ್ಲಿ ಒಂದು ಊರಿನ ಒಪ್ಪಿಗೆ ಬೇಡವೇ ಎಂದು ಅವರು ಕೇಳುವುದರಲ್ಲಿ ನ್ಯಾಯವಿದೆ. ಕಾನೂನಿನ ಉತ್ತರ ಮಾತ್ರ ಅಷ್ಟು ಸರಳವಾಗಿಲ್ಲ. ಈ ಉತ್ತರವನ್ನು ರೂಪಿಸಿದ ಸುಪ್ರೀಂ ಕೋರ್ಟಿನ ಎರಡು ಪ್ರಮುಖ ತೀರ್ಪುಗಳನ್ನು ಬರೆದವರು ಕರ್ನಾಟಕದಿಂದ ಹೋದ ನ್ಯಾಯಮೂರ್ತಿಗಳೇ ಆಗಿದ್ದರೆಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿಯಾದೀತು.

ಮೊದಲನೆಯದು ಉತ್ತರ ಪ್ರದೇಶದ ತುಳಸಿಪುರದ ಪ್ರಕರಣ. ಸಕ್ಕರೆ ಕಾರ್ಖಾನೆಯೊಂದಿದ್ದ ಗ್ರಾಮವನ್ನು 1955ರಲ್ಲಿ ತುಳಸಿಪುರ ಪಟ್ಟಣದ ಎಲ್ಲೆಗೆ ಸೇರಿಸಲಾಯಿತು. ತನ್ನ ಅಹವಾಲು ಕೇಳದೆ ಸೇರಿಸಿದ್ದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಕಾರ್ಖಾನೆ ವಾದಿಸಿತು. 1980ರಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು (ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದವರು) ಆ ವಾದವನ್ನು ಒಪ್ಪಲಿಲ್ಲ. ಒಂದು ಪ್ರದೇಶವನ್ನು ಪಟ್ಟಣವೆಂದು ಘೋಷಿಸುವುದು ಒಬ್ಬ ವ್ಯಕ್ತಿಯ ಹಕ್ಕುಬಾಧ್ಯತೆಗಳನ್ನು ನಿರ್ಣಯಿಸುವ ಕೆಲಸವಲ್ಲ. ಅದು ಶಾಸನ ಮಾಡುವ ಸ್ವರೂಪದ ಕಾರ್ಯ. ಶಾಸನ ಮಾಡುವಾಗ ಪ್ರತಿಯೊಬ್ಬರನ್ನೂ ಕರೆದು ವಿಚಾರಿಸುವ ಕಟ್ಟುಪಾಡಿಲ್ಲ. ಇದು ಆ ತೀರ್ಪಿನ ಸಾರ.

ಎರಡನೆಯದು ಮಹಾರಾಷ್ಟ್ರದ ಕಲ್ಯಾಣದ್ದು. (ನಮ್ಮ ಬಸವಕಲ್ಯಾಣವಲ್ಲ, ಮುಂಬಯಿಯ ಬಳಿಯ ಕಲ್ಯಾಣ.) ಕಲ್ಯಾಣ, ಡೊಂಬಿವಲಿ, ಅಂಬರನಾಥ, ಉಲ್ಲಾಸನಗರಗಳನ್ನು ಕೂಡಿಸಿ ಒಂದು ಪಾಲಿಕೆ ಮಾಡುವ ಕರಡನ್ನು ಅಲ್ಲಿನ ಸರ್ಕಾರ 1982ರಲ್ಲಿ ಹೊರಡಿಸಿತು. ಉಲ್ಲಾಸನಗರವು ದೇಶವಿಭಜನೆಯ ಕಾಲದಲ್ಲಿ ಸಿಂಧ್ ಪ್ರಾಂತ್ಯದಿಂದ ನಿರಾಶ್ರಿತರಾಗಿ ಬಂದವರ ಶಿಬಿರದಿಂದ ಬೆಳೆದ ಊರು. ಅಲ್ಲಿನವರು ಬಲವಾಗಿ ವಿರೋಧಿಸಿದರು. ಸರ್ಕಾರ ಅವರ ಮಾತು ಕೇಳಿ ಉಲ್ಲಾಸನಗರವನ್ನು ಕೈಬಿಟ್ಟಿತು, ಉಳಿದವುಗಳನ್ನು ಸೇರಿಸಿತು. ಆಗ ಉಳಿದವರು ಕೇಳಿದ ಪ್ರಶ್ನೆ ಸಾಮಾನ್ಯದ್ದಲ್ಲ: ಅವರ ಕೂಗು ಕೇಳಿಸಿದ ಕಿವಿಗೆ ನಮ್ಮ ಕೂಗು ಏಕೆ ಕೇಳಿಸಲಿಲ್ಲ? ಬಾಂಬೆ ಹೈಕೋರ್ಟು ಈ ಪ್ರಶ್ನೆಯಲ್ಲಿ ಹುರುಳಿದೆಯೆಂದು ಕಂಡಿತು. ಆದರೆ 1989ರಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು ತುಳಸಿಪುರದ ಹಾದಿಯಲ್ಲೇ ನಡೆದರು. ಕಾಯ್ದೆಯು ಕರಡು ಪ್ರಕಟಿಸಿ ಆಕ್ಷೇಪಣೆ ಸ್ವೀಕರಿಸಬೇಕೆಂದು ಹೇಳಿದ್ದರೆ ಅಷ್ಟನ್ನು ಸರ್ಕಾರ ಮಾಡಲೇಬೇಕು. ಅದಕ್ಕಿಂತ ಹೆಚ್ಚಿನ ವಿಚಾರಣೆಯನ್ನು ನ್ಯಾಯಾಲಯವು ತಾನಾಗಿ ಕಾಯ್ದೆಯೊಳಗೆ ತುಂಬುವುದಿಲ್ಲ. ಕರಡಿನಿಂದ ಒಂದು ಊರನ್ನು ಕೈಬಿಟ್ಟರೆಂದು ಮತ್ತೆ ಹೊಸದಾಗಿ ಎಲ್ಲರನ್ನೂ ಕೇಳಬೇಕಾಗಿಯೂ ಇಲ್ಲ.

ಈ ಎರಡರ ನಡುವೆ, 1987ರಲ್ಲಿ, ಹಿಮಾಚಲ ಪ್ರದೇಶದ ಕೆಲವು ಹಳ್ಳಿಗಳ ಪ್ರಕರಣದಲ್ಲಿ ಬೇರೆಯದೇ ದನಿ ಕೇಳಿಬಂದಿತ್ತು. ಗ್ರಾಮ ಪಂಚಾಯಿತಿಗೆ ಸೇರಿದ ಪ್ರದೇಶಗಳನ್ನು ಅಧಿಸೂಚಿತ ಪಟ್ಟಣ ಪ್ರದೇಶಕ್ಕೆ ಸೇರಿಸಿದ್ದನ್ನು ಬಲದೇವ್ ಸಿಂಗ್ ಮತ್ತಿತರರು ಪ್ರಶ್ನಿಸಿದ್ದರು. ತಾವು ಕೃಷಿಪ್ರಧಾನವಾದ ಬದುಕನ್ನು ಬದುಕಬೇಕೋ ನಗರದ ಬದುಕನ್ನು ಬದುಕಬೇಕೋ ಎಂಬುದರ ಬಗ್ಗೆ ಜನರಿಗೆ ಮಾತಿನ ಹಕ್ಕಿದೆ, ಸೇರ್ಪಡೆಯಿಂದ ತೆರಿಗೆ ಮೊದಲಾದ ನಾಗರಿಕ ಪರಿಣಾಮಗಳು ಉಂಟಾಗುವುದರಿಂದ ಬಾಧಿತರ ಅಹವಾಲನ್ನು ಕೇಳಲೇಬೇಕು ಎಂದು ನ್ಯಾಯಾಲಯ ಹೇಳಿತು. ಹಳ್ಳಿಗಳ ಪರ ವಕೀಲರು ಇಂದಿಗೂ ಮೊದಲು ಎತ್ತಿಕೊಳ್ಳುವುದು ಈ ತೀರ್ಪನ್ನೇ. ಸರ್ಕಾರಿ ವಕೀಲರು ಉತ್ತರವಾಗಿ ತೆಗೆಯುವುದು ತುಳಸಿಪುರ ಮತ್ತು ಕಲ್ಯಾಣದ ತೀರ್ಪುಗಳನ್ನು. ಮೂರೂ ಒಂದೇ ದಶಕದೊಳಗೆ ಬಂದ, ಇಂದಿಗೂ ಉಲ್ಲೇಖವಾಗುವ ತೀರ್ಪುಗಳು.

ಈಚಿನ ವರ್ಷಗಳಲ್ಲಿಯೂ ಇದೇ ಎಳೆದಾಟ ಮುಂದುವರಿದಿದೆ. ರಾಜಸ್ಥಾನದ ಚಂಪಾಲಾಲ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠವು, 243ಕ್ಯೂ ವಿಧಿಯ ಮಾನದಂಡಗಳನ್ನು ರಾಜ್ಯಪಾಲರ ಅಧಿಸೂಚನೆಯ ಮೂಲಕ ಮೊದಲೇ ಗೊತ್ತುಪಡಿಸದೆ ಹಳ್ಳಿಯನ್ನು ಪಟ್ಟಣವಾಗಿಸುವುದು ಸರಿಯಲ್ಲವೆಂಬ ನಿಲುವು ತಳೆಯಿತು. 2022ರಲ್ಲಿ ಅದೇ ರಾಜ್ಯದ ರೂಪಬಾಸ್ ಪಂಚಾಯಿತಿಯ ಪ್ರಕರಣದಲ್ಲಿ ಇನ್ನೊಂದು ಪೀಠವು ಅಷ್ಟು ಬಿಗಿಯಾದ ಕ್ರಮ ಬೇಕಿಲ್ಲವೆಂದು ಕಂಡು ಸರ್ಕಾರದ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಒಟ್ಟಾರೆ ನೋಡಿದರೆ, ನ್ಯಾಯಾಲಯಗಳು "ನಿಮ್ಮ ಊರು ಹಳ್ಳಿಯಾಗಿರಬೇಕೋ ನಗರವಾಗಬೇಕೋ" ಎಂಬುದನ್ನು ತಾವು ತೀರ್ಮಾನಿಸಲು ಒಪ್ಪುವುದಿಲ್ಲ. ಕಾಯ್ದೆ ಹೇಳಿದ ಕ್ರಮವನ್ನು ಸರ್ಕಾರ ಪಾಲಿಸಿತೇ ಎಂಬುದನ್ನು ಮಾತ್ರ ಪರಿಶೀಲಿಸುತ್ತವೆ. ಇದರಿಂದ ಗ್ರಾಮಸ್ಥರಿಗೆ ಬೇಸರವಾಗುವುದು ನಮಗೆ ಅರ್ಥವಾಗುತ್ತದೆ. ಆದರೂ ಪ್ರತಿಯೊಂದು ಊರಿನ ಎಲ್ಲೆಯನ್ನೂ ನ್ಯಾಯಾಧೀಶರೇ ಎಳೆಯುವಂತಾದರೆ ಚುನಾಯಿತ ಸರ್ಕಾರಕ್ಕೆ ಕೆಲಸವೇನು ಎಂಬ ಪ್ರಶ್ನೆಯನ್ನೂ ಕಡೆಗಣಿಸಲಾಗದು.

ಕ್ರಮವನ್ನಷ್ಟೇ ನೋಡುವುದರಿಂದ ಏನು ಪ್ರಯೋಜನ ಎನ್ನುವವರಿಗೆ ಮತ್ತದೇ ಕಲ್ಯಾಣದ ಮುಂದಿನ ಕತೆಯನ್ನು ಹೇಳಬೇಕು. 1983ರಲ್ಲಿ ಪಾಲಿಕೆಗೆ ಸೇರಿದ ಸುತ್ತಲಿನ ಹಳ್ಳಿಗಳಲ್ಲಿ 27 ಹಳ್ಳಿಗಳನ್ನು, ಜನರ ಹೋರಾಟದ ಫಲವಾಗಿ, 2002ರಲ್ಲಿ ಹೊರಗಿಡಲಾಯಿತು. 2015ರಲ್ಲಿ ಮತ್ತೆ ಒಳಗೆ ಸೇರಿಸಲಾಯಿತು. 2020ರ ಜೂನಿನಲ್ಲಿ ಅವುಗಳಲ್ಲಿ 18ನ್ನು ಮತ್ತೆ ಹೊರಗೆ ತೆಗೆದು ಬೇರೆ ಪುರಸಭೆ ಮಾಡಲು ಸರ್ಕಾರ ಹೊರಟಿತು. ಪಾಲಿಕೆಯೊಡನೆ ಕಾಯ್ದೆ ಹೇಳಿದಂತೆ ಸಮಾಲೋಚನೆ ನಡೆಸಿಲ್ಲವೆಂಬ ಕಾರಣಕ್ಕೆ ಆ ವರ್ಷದ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟು ಅದನ್ನು ರದ್ದುಗೊಳಿಸಿತು. ಒಂದು ಸಣ್ಣ ಲೋಪ ಇಡೀ ಅಧಿಸೂಚನೆಯನ್ನೇ ಕೆಡವಿತು. ಹೊರಹೋಗಬೇಕೆಂದು ಬಯಸಿದ್ದ ಹಳ್ಳಿಗರಿಗೆ ಅದರಿಂದ ನಷ್ಟವೇ ಆಯಿತೆನ್ನಿ. ಕ್ರಮ ಪಾಲನೆಯ ಕತ್ತಿಗೆ ಎರಡೂ ಕಡೆ ಹರಿತ. ಅದಕ್ಕಿಂತ ಮುಖ್ಯವಾದುದು, 37 ವರ್ಷಗಳ ಅವಧಿಯಲ್ಲಿ ಒಳಗೆ-ಹೊರಗೆ ಎಂದು ಅಲೆದಾಡಿದ ಆ ಊರುಗಳ ರಸ್ತೆ, ಚರಂಡಿ, ಕಟ್ಟಡ ಪರವಾನಗಿಗಳಿಗೆ ಯಾರು ಹೊಣೆ ಎಂಬ ಪ್ರಶ್ನೆ.

ಬೆಂಗಳೂರಿನ ಅನುಭವವಂತೂ ನಮ್ಮ ಕಣ್ಣೆದುರಿಗಿದೆ. 2007ರ ಜನವರಿಯಲ್ಲಿ ಹಳೆಯ ಪಾಲಿಕೆಯ ಸುತ್ತಲಿದ್ದ 7 ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಸುಮಾರು 226 ಚದರ ಕಿಲೋಮೀಟರಿನ ನಗರವು 700 ಚದರ ಕಿಲೋಮೀಟರನ್ನು ಮೀರಿ ಬೆಳೆಯಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯಿದೆ. ಇಲ್ಲಿ ಊರೇ ನಗರಕ್ಕೆ ಬಂದರೂ ನೀರು ಬರಲಿಲ್ಲ! ಆ 110 ಹಳ್ಳಿಗಳನ್ನು ಉದ್ದೇಶಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ಸೇರ್ಪಡೆಯಾದ 17 ವರ್ಷಗಳ ಮೇಲೆ. ಅಲ್ಲಿಯವರೆಗೆ ಟ್ಯಾಂಕರು ಮತ್ತು ಕೊಳವೆಬಾವಿಗಳೇ ಗತಿ. ತೆರಿಗೆಯ ನೋಟೀಸು ಮಾತ್ರ ನೀರಿನಷ್ಟು ತಡಮಾಡಲಿಲ್ಲ. ಕಂದಾಯ ಬಡಾವಣೆಗಳ ನಿವೇಶನದಾರರು 'ಎ' ಖಾತೆಯೋ 'ಬಿ' ಖಾತೆಯೋ ಎಂಬ ಗೊಂದಲದಲ್ಲಿ, ಸುಧಾರಣಾ ಶುಲ್ಕದ ತಕರಾರಿನಲ್ಲಿ ಎಷ್ಟೋ ವರ್ಷ ಕಳೆದರು.

ಪ್ರಾತಿನಿಧ್ಯದ ಮಾತನ್ನು ಇನ್ನೂ ಗಂಭೀರವಾಗಿ ನೋಡಬೇಕು. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯಲ್ಲಿ 400 ಜನರಿಗೆ ಒಬ್ಬ ಸದಸ್ಯ. ಬೃಹತ್ ಬೆಂಗಳೂರಿನಲ್ಲಿ 198 ವಾರ್ಡುಗಳಿದ್ದಾಗ, 2011ರ ಗಣತಿಯ ಸುಮಾರು 84 ಲಕ್ಷ ಜನಸಂಖ್ಯೆಯನ್ನು ಹಂಚಿದರೆ, ಒಬ್ಬ ಸದಸ್ಯನಿಗೆ ಸರಾಸರಿ 42 ಸಾವಿರ ಜನ. ಜಗಲಿಯ ಮೇಲೆ ಕುಳಿತು ಹೆಸರು ಹಿಡಿದು ಕೂಗಬಹುದಾದ ಸದಸ್ಯನ ಬದಲು, ಕಚೇರಿಯ ಮುಂದೆ ಸರದಿಯಲ್ಲಿ ನಿಂತು ಕಾಣಬೇಕಾದ ಸದಸ್ಯ. ಅವನಾದರೂ ಇದ್ದರೆ ಸರಿ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಐದು ವರ್ಷ ಆ ಮಹಾನಗರಕ್ಕೆ ಚುನಾಯಿತ ಸದಸ್ಯರೇ ಇರಲಿಲ್ಲ. ಎಲ್ಲೆ ಬದಲಾವಣೆ, ವಾರ್ಡು ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ ಎಂಬ ಕಾರಣಗಳು ಒಂದರ ಮೇಲೊಂದು ಬರುತ್ತಲೇ ಹೋದವು. ಪುನರ್ವಿಂಗಡಣೆ ನಡೆಯುತ್ತಿದೆಯೆಂಬ ನೆಪದಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಐದು ವರ್ಷಗಳಾಚೆಗೆ ಮುಂದೂಡಕೂಡದೆಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಿದ್ದರೂ ನಡೆದದ್ದು ಇದು. ಹಳ್ಳಿಯನ್ನು ನಗರಕ್ಕೆ ಸೇರಿಸಿ, ಹಳ್ಳಿಯ ಪಂಚಾಯಿತಿಯನ್ನು ವಿಸರ್ಜಿಸಿ, ನಗರದ ಚುನಾವಣೆಯನ್ನೂ ನಡೆಸದೆ ಅಧಿಕಾರಿಯೊಬ್ಬರ ಕೈಗೆ ಒಪ್ಪಿಸಿದರೆ ಆ ಊರು ಮೊದಲಿದ್ದ ದನಿಯನ್ನೂ ಕಳೆದುಕೊಳ್ಳುತ್ತದೆ. ಸೇರ್ಪಡೆಯನ್ನು ವಿರೋಧಿಸುವವರ ವಾದಗಳಲ್ಲಿ ನಮಗೆ ಅತ್ಯಂತ ಬಲವಾದುದೆಂದು ಕಾಣುವುದು ಇದೇ.

ಬಡವರ ಮಟ್ಟಿಗೆ ಮೊದಲ ಪೆಟ್ಟು ಕೂಲಿಯ ಮೇಲೆ ಬೀಳುತ್ತದೆ. ಉದ್ಯೋಗ ಖಾತರಿಯ ಕೆಲಸ ಗ್ರಾಮೀಣ ಪ್ರದೇಶಕ್ಕೆ ಮಾತ್ರ ಸೀಮಿತವಾದುದರಿಂದ, ಹೆಸರಿಗೆ ನಗರವಾದ ಕೂಡಲೇ ಕೆರೆ ಹೂಳೆತ್ತುವ, ಬದು ಕಟ್ಟುವ ಕೂಲಿ ನಿಲ್ಲುತ್ತದೆ. 2025ರ ಆರಂಭದಲ್ಲಿ ತಮಿಳುನಾಡಿನ ಹಲವು ಹಳ್ಳಿಗಳ ಹೆಂಗಸರು ಪಾಲಿಕೆ ಸೇರ್ಪಡೆಯ ವಿರುದ್ಧ ಬೀದಿಗಿಳಿದದ್ದು ಮುಖ್ಯವಾಗಿ ಇದೇ ಕಾರಣಕ್ಕೆ. ಬಗರ್ ಹುಕುಂ ಸಾಗುವಳಿದಾರರದು ಇನ್ನೊಂದು ಭಯ. ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸುವ ಕಾನೂನು ನಗರಗಳ ಎಲ್ಲೆಯಿಂದ ಇಂತಿಷ್ಟು ದೂರದೊಳಗಿನ ಜಮೀನನ್ನು ಹೊರಗಿಟ್ಟಿದೆ. ಬೆಂಗಳೂರಿಗೆ 18 ಕಿಲೋಮೀಟರು, ಇತರ ಪಾಲಿಕೆಗಳಿಗೆ 10 ಕಿಲೋಮೀಟರು. ನಗರದ ಎಲ್ಲೆ ಮುಂದಕ್ಕೆ ಜರುಗಿದರೆ ಈ ನಿರ್ಬಂಧದ ಗೆರೆಯೂ ಜರುಗೀತೇ ಎಂದು, ಪಾಲಿಕೆಗೆ ಸೇರದೆ ಇನ್ನೂ ಹತ್ತು ಹರಿದಾರಿ ಆಚೆಗಿರುವ ರೈತರೂ ಅಂಜುತ್ತಾರೆ. ನಮೂನೆ 57ರಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರಿಗೆ ಈ ಅಂಜಿಕೆ ಸಣ್ಣದಲ್ಲ.

ನಮ್ಮ ಸಮಾಜಕ್ಕೆ ನೇರವಾಗಿ ತಟ್ಟುವ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಪತ್ರಿಕೆಗಳಲ್ಲಿ ಇದರ ಚರ್ಚೆ ನಡೆದದ್ದನ್ನು ನಾವು ಕಂಡಿಲ್ಲ. ಲಿಂಗಾಯತರಲ್ಲಿ ಲಿಂಗೈಕ್ಯರಾದವರನ್ನು ಭೂಮಿಯಲ್ಲಿ ಸಮಾಧಿ ಮಾಡುವುದು ರೂಢಿ. ಹಳ್ಳಿಗಳಲ್ಲಿ ಇದಕ್ಕೆ ರುದ್ರಭೂಮಿಯಿರುತ್ತದೆ. ಎಷ್ಟೋ ಮನೆತನಗಳಲ್ಲಿ ತಮ್ಮ ಹೊಲದ ಒಂದು ಮೂಲೆಯಲ್ಲಿಯೇ ಹಿರಿಯರ ಸಮಾಧಿಗಳಿರುತ್ತವೆ. ಪೌರನಿಗಮಗಳ ಕಾಯ್ದೆಯಂತೆ ನಗರದ ಎಲ್ಲೆಯೊಳಗೆ ಶವಸಂಸ್ಕಾರದ ಸ್ಥಳಗಳು ನೋಂದಣಿಯಾಗಿರಬೇಕು, ಪರವಾನಗಿಯಿಲ್ಲದೆ ಹೊಸ ಸ್ಥಳವನ್ನು ತೆರೆಯುವಂತಿಲ್ಲ. ಊರು ಹಳ್ಳಿಯಾಗಿದ್ದಾಗ ಯಾರೂ ಪ್ರಶ್ನಿಸದ ರೂಢಿ, ನಗರವಾದ ಮರುದಿನ ಕಾಗದ ಕೇಳುತ್ತದೆ. ಅನೇಕ ಹಳ್ಳಿಗಳ ರುದ್ರಭೂಮಿ ಕಂದಾಯ ದಾಖಲೆಗಳಲ್ಲಿ ರುದ್ರಭೂಮಿಯೆಂದು ನಮೂದಾಗಿರುವುದೇ ಇಲ್ಲ. ಗೋಮಾಳವೆಂದೋ, ಸರ್ಕಾರಿ ಖರಾಬೆಂದೋ, ಎಂದೋ ಯಾರೋ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಹಿಡುವಳಿಯೆಂದೋ ಇರುತ್ತದೆ. ಆ ಹಿಡುವಳಿಯ ಎಕರೆಗೆ ಲಕ್ಷಗಳ ಬೆಲೆಯಿದ್ದಾಗ ಮೊಮ್ಮಕ್ಕಳು ಅಜ್ಜನ ಮಾತನ್ನು ಗೌರವಿಸುತ್ತಾರೆ. ಕೋಟಿಗಳ ಬೆಲೆ ಬಂದಾಗ ಎಲ್ಲರಿಂದಲೂ ಅದನ್ನು ನಿರೀಕ್ಷಿಸಲಾಗದು. ಸೇರ್ಪಡೆಗೆ ಮೊದಲೇ ಗ್ರಾಮ ಪಂಚಾಯಿತಿಯ ಠರಾವಿನೊಡನೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಅಳತೆ ಮಾಡಿಸಿ, ಪಹಣಿಯಲ್ಲಿ ನಮೂದು ಮಾಡಿಸಿಕೊಂಡ ಊರಿಗೆ ಈ ಕಷ್ಟವಿಲ್ಲ. ಇದು ನಮ್ಮವರಿಗಷ್ಟೇ ಅಲ್ಲ, ಹೂಳುವ ರೂಢಿಯಿರುವ ಎಲ್ಲ ಸಮಾಜಗಳಿಗೂ ಅನ್ವಯಿಸುವ ಮಾತು. ಊರಿನ ಗುಡಿ, ಮಸೀದಿ, ಚರ್ಚುಗಳಂತಹ ಸಾರ್ವಜನಿಕ ಆರಾಧನಾ ಸ್ಥಳಗಳಿಗೆ ಆಸ್ತಿ ತೆರಿಗೆಯಿಂದ ವಿನಾಯಿತಿಯಿದೆ. ಆದರೆ ಅವುಗಳಿಗೆ ಸೇರಿದ ಬಾಡಿಗೆ ಮಳಿಗೆಗಳಿಗೂ ಆ ವಿನಾಯಿತಿ ದೊರೆಯುತ್ತದೆಂದು ಭಾವಿಸಬಾರದು.

ಹಾಗೆಂದು ಸೇರ್ಪಡೆಯೆಲ್ಲ ಕೆಡುಕೆಂದು ನಾವು ಹೇಳುವುದಿಲ್ಲ. ನಗರದಂಚಿನ ಎಷ್ಟೋ ಊರುಗಳು ಈಗಾಗಲೇ ಹಳ್ಳಿಗಳಾಗಿ ಉಳಿದಿಲ್ಲ. ಹೊಲಗಳು ನಿವೇಶನಗಳಾಗಿವೆ, ಚರಂಡಿಯಿಲ್ಲದ ಬೀದಿಗಳಲ್ಲಿ ನಾಲ್ಕು ಅಂತಸ್ತಿನ ಮನೆಗಳೆದ್ದಿವೆ, ಕೊಳಚೆ ನೀರು ಕೆರೆಗೆ ಹರಿಯುತ್ತಿದೆ. ಕಸದ ಗಾಡಿ ಕೊಳ್ಳಲೂ ಹಣವಿಲ್ಲದ ಪಂಚಾಯಿತಿಯಿಂದ ಇದನ್ನು ನಿಭಾಯಿಸಲಾಗದು. ಅಂತಹ ಊರನ್ನು ಹೊರಗಿಡುವುದು ಅದಕ್ಕೆ ಮಾಡುವ ಉಪಕಾರವಲ್ಲ. ಸೇರಬೇಕೆಂದು ಕೇಳುವ ತರುಣನ ಪ್ರಶ್ನೆಗೂ ಇಲ್ಲಿಯೇ ಬೇರಿದೆ. ನಮ್ಮ ತಕರಾರು ಬೇಸಾಯವನ್ನೇ ನಂಬಿ ಬದುಕುತ್ತಿರುವ, ನಗರದಿಂದ ಎಂಟು ಹತ್ತು ಮೈಲಿ ದೂರದ ಊರುಗಳನ್ನು ಜನಸಂಖ್ಯೆಯ ಲೆಕ್ಕ ತುಂಬಿಸಲಿಕ್ಕೆಂದು ಎಳೆದು ತರುವುದರ ಬಗ್ಗೆ.

ಸಂವಿಧಾನವೇ ಒಂದು ಬಾಗಿಲನ್ನು ತೆರೆದಿಟ್ಟಿದೆ, ಆದರೆ ಅದು ಉದ್ಯಮಗಳಿಗೆ. ಉದ್ಯಮವು ತಾನೇ ನಗರ ಸೌಲಭ್ಯಗಳನ್ನು ಒದಗಿಸುತ್ತಿರುವ ಪ್ರದೇಶವನ್ನು ಕೈಗಾರಿಕಾ ಟೌನ್‌ಷಿಪ್ ಎಂದು ಘೋಷಿಸಿ ಪಾಲಿಕೆಯಿಂದ ಹೊರಗಿಡಬಹುದೆಂದು 243ಕ್ಯೂ ವಿಧಿಯ ಪರಂತುಕ ಹೇಳುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ 2013ರಲ್ಲಿ ಇಂತಹ ಪ್ರತ್ಯೇಕ ಪ್ರಾಧಿಕಾರ ದೊರೆಯಿತು. ತುಳಸಿಪುರದ ಸಕ್ಕರೆ ಕಾರ್ಖಾನೆಯ ತಕರಾರು ಇಂದು ಎದ್ದಿದ್ದರೆ ಅದು ಈ ಬಾಗಿಲನ್ನು ತಟ್ಟಬಹುದಿತ್ತೇನೋ. ತನ್ನ ನೀರು, ತನ್ನ ಗೊಬ್ಬರ, ತನ್ನ ದಾರಿಗಳನ್ನು ತಾನೇ ನೋಡಿಕೊಳ್ಳುವ ಕೃಷಿ ಗ್ರಾಮಕ್ಕೆ ಇಂತಹ ಪರಂತುಕವಿಲ್ಲ.

ಧಾರವಾಡದ ಉದಾಹರಣೆ ಇದೇ ಪ್ರಶ್ನೆಯ ಮತ್ತೊಂದು ಮುಖ. 1962ರಲ್ಲಿ ಸುಮಾರು 20 ಕಿಲೋಮೀಟರ್ ಅಂತರದ ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಒಂದೇ ಪಾಲಿಕೆಯಾಗಿಸಲಾಯಿತು. ಒಂದು ವ್ಯಾಪಾರದ ಊರು, ಇನ್ನೊಂದು ವಿದ್ಯೆಯ ಊರು. ಅಂದಿನಿಂದ ಧಾರವಾಡದವರ ದೂರು ಒಂದೇ: ಅನುದಾನವೆಲ್ಲ ಹುಬ್ಬಳ್ಳಿಗೆ ಹರಿಯುತ್ತದೆ. ಹೋರಾಟದ ಫಲವಾಗಿ 2025ರ ಜನವರಿಯಲ್ಲಿ ಸಚಿವ ಸಂಪುಟವು ಪ್ರತ್ಯೇಕ ಪಾಲಿಕೆಗೆ ಒಪ್ಪಿಗೆ ಕೊಟ್ಟಿತು. ಕೂಡಿಸಿದ್ದನ್ನು ಬೇರ್ಪಡಿಸಲು 63 ವರ್ಷ ಬೇಕಾಯಿತು. ಬೇರೆಯಾಗುವಾಗ ಆಸ್ತಿ, ಸಾಲ, ನೌಕರರು, ನಿವೃತ್ತರ ಪಿಂಚಣಿ ಎಲ್ಲವೂ ಅಣ್ಣತಮ್ಮಂದಿರ ಪಾಲಿನಂತೆ ಲೆಕ್ಕಕ್ಕೆ ಬರುತ್ತವೆ. ಆ ಲೆಕ್ಕ ಎಷ್ಟು ಕಹಿಯಾಗಬಲ್ಲದೆಂಬುದು ಮಠದ ಕಟ್ಟೆಯಲ್ಲಿ ಪಾಲು ಪಂಚಾಯಿತಿ ಮಾಡಿದವರಿಗೆ ಗೊತ್ತು.

ಕೋರ್ಟಿಗೆ ಹೋದರೆ ನಿಲ್ಲುತ್ತದೆಯೇ ಎಂದು ಕೇಳಿದ ರೈತಬಾಂಧವರಿಗೆ ನಮ್ಮ ಉತ್ತರ ಹೀಗಿದೆ. ಹೋಗುವುದಾದರೆ ಬರಿಗೈಯಲ್ಲಿ ಹೋಗಬೇಡಿ. ಕರಡು ಅಧಿಸೂಚನೆ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನಗಳ ಕಾಲಾವಕಾಶವಿರುತ್ತದೆ. ಊರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಅರ್ಧ ಕಳೆದಿರುತ್ತದೆ. ಅಂತಿಮ ಅಧಿಸೂಚನೆ ಹೊರಬಿದ್ದ ಮೇಲೆ ಹೆದ್ದಾರಿಯಲ್ಲಿ ಕುಳಿತು ಘೋಷಣೆ ಕೂಗುವುದು ಅಟ್ಟ ಮೇಲೆ ಒಲೆ ಉರಿದಂತೆ. ಆ 30 ದಿನಗಳಲ್ಲಿ ಗ್ರಾಮಸಭೆ ಕರೆದು ಠರಾವು ಮಾಡಿ. ಪರವಾಗಿದ್ದವರ, ವಿರೋಧವಿದ್ದವರ ಮಾತುಗಳೆರಡನ್ನೂ ನಡವಳಿಯಲ್ಲಿ ಬರೆಯಿರಿ. ಊರಿನ ಜನಸಂಖ್ಯೆ, ವಿಸ್ತೀರ್ಣ, ಬೇಸಾಯದಲ್ಲಿ ತೊಡಗಿರುವ ಕುಟುಂಬಗಳ ಸಂಖ್ಯೆಯನ್ನು ಅಂಕಿಯಲ್ಲಿ ಕೊಡಿ. ಒಬ್ಬೊಬ್ಬರೂ ಒಂದೇ ಮಾದರಿಯ ಮುದ್ರಿತ ಅರ್ಜಿಗೆ ಸಹಿ ಹಾಕಿ ಸಾವಿರ ಪ್ರತಿ ಕೊಡುವುದಕ್ಕಿಂತ, ಕಾರಣಸಹಿತವಾದ ಹತ್ತು ಅರ್ಜಿಗಳು ನ್ಯಾಯಾಲಯದಲ್ಲಿ ಹೆಚ್ಚು ತೂಗುತ್ತವೆ. ಸರ್ಕಾರ ಅವುಗಳನ್ನು ಪರಿಗಣಿಸಿತೇ ಇಲ್ಲವೇ ಎಂಬುದೇ ಮುಂದೆ ಮೊಕದ್ದಮೆಯ ಜೀವಾಳವಾಗುವುದರಿಂದ, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿಯನ್ನು ಪಡೆದೇ ಹಿಂತಿರುಗಿ. ಅಧಿಸೂಚನೆಯ ಕೊನೆಯಲ್ಲಿರುವ ಅನುಸೂಚಿಯಲ್ಲಿ ಸರ್ವೆ ನಂಬರುಗಳ ಪಟ್ಟಿಯಿರುತ್ತದೆ. ಅದನ್ನು ಗ್ರಾಮ ನಕ್ಷೆಯೊಡನೆ ಹೋಲಿಸಿ, ಕೆರೆ, ಗೋಮಾಳ, ರುದ್ರಭೂಮಿಗಳು ಗೆರೆಯ ಯಾವ ಪಕ್ಕದಲ್ಲಿವೆಯೆಂದು ಗ್ರಾಮ ಆಡಳಿತ ಅಧಿಕಾರಿಯನ್ನು ಕೂರಿಸಿಕೊಂಡು ಒಂದೊಂದಾಗಿ ಗುರುತು ಹಾಕಿಕೊಳ್ಳಿ.